ದೋಹಾದಿಂದ ನಾಲ್ಕೂಕಾಲು ಗಂಟೆ

ಕಿಟಕಿಯ ಕಂಬಿಗೆ ಹಣೆ ಇಟ್ಟರೆ ಬಸ್ಸಿನ ನಡುಕವೆಲ್ಲ ಹಲ್ಲಿಗೆ ಇಳಿಯುತ್ತದೆ, ಇಳಿಯಲಿ, ಮುಂದಿನ ಸೀಟಿನ ಹೆಂಗಸು ಕಿತ್ತಳೆ ಸುಲಿಯುತ್ತಿದ್ದಾಳೆ, ಸಿಪ್ಪೆಯ ಘಾಟು ಕಣ್ಣಿಗೆ ಬಡಿಯುತ್ತಿದೆ, ಒಳ್ಳೆಯದೇ ಆಯಿತು, ಕಣ್ಣಲ್ಲಿ ನೀರು ಯಾಕೆ ಎಂದು ಯಾರೂ ಕೇಳುವುದಿಲ್ಲ, ಎಲ್ಲಿಗಮ್ಮ ಅಂದ ಕಂಡಕ್ಟರ್, ಕುಶಾಲನಗರ ಅಂದೆ, ಆಧಾರ್ ಕಾರ್ಡ್ ತೋರ್ಸಿ, ತೋರಿಸಿದೆ, ಉಷಾರಾಣಿ, ಗಂಡ ಸಿದ್ದರಾಜು, ಊರು ಹೆಬ್ಬಾಲೆ, ಅವನು ನನ್ನ ಮುಖ ನೋಡಿದ, ಕಾರ್ಡಿನ ಮುಖ ನೋಡಿದ, ಎರಡೂ ಒಂದೇ ಎಂದು ಅವನಿಗೆ ಹೇಗೆ ಗೊತ್ತಾಯಿತೋ, ಉಚಿತದ ಟಿಕೆಟು ಹರಿದು ಕೊಟ್ಟು ಹಿಂದಕ್ಕೆ ಹೋದ — ಬೋಯಿಕೇರಿ ಹೋಯಿತು, ರಸ್ತೆ ಬದಿಯ ಕಣದಲ್ಲಿ ಕಾಫಿ ಒಣಹಾಕಿದ್ದಾರೆ, ಒಬ್ಬಳು ಕಾಲಲ್ಲೇ ಕೆದಕುತ್ತಾ ಫೋನಿನಲ್ಲಿ ಮಾತಾಡುತ್ತಿದ್ದಾಳೆ, ನಗುತ್ತಿದ್ದಾಳೆ, ಆ ಕಡೆಯಿಂದ ಮಾತಾಡುವವನು ಯಾವ ಊರಲ್ಲಿದ್ದಾನೆ ಅಂತ ಅವಳಿಗೆ ಗೊತ್ತೆ, ಗೊತ್ತಿದೆ ಎಂದೇ ಅಂದುಕೊಂಡಿರುತ್ತಾಳೆ, ನಾನೂ ಅಂದುಕೊಂಡಿದ್ದೆ. ಇವತ್ತು ಹೋಗಿಬಂದ ಗಾಳಿಬೀಡಿನಿಂದ ಮಡಿಕೇರಿಗೆ ಒಂಬತ್ತು ಕಿಲೋಮೀಟರು, ಮಡಿಕೇರಿಯಿಂದ ಕುಶಾಲನಗರಕ್ಕೆ ಮೂವತ್ತು, ಕುಶಾಲನಗರದಿಂದ ನಮ್ಮೂರಿಗೆ ಹೆಚ್ಚೆಂದರೆ ಹತ್ತು, ಕೂಡಿಸಿದರೆ ಐವತ್ತೂ ದಾಟುವುದಿಲ್ಲ, ಎರಡು ಬಸ್ಸು ಬದಲಾಯಿಸಿದರೂ ಎರಡೂವರೆ ಗಂಟೆಯ ದಾರಿ, ಇಷ್ಟು ಸಣ್ಣ ಲೆಕ್ಕ ಅಂಗನವಾಡಿ ಟೀಚರಿಗೆ ಹದಿನಾಲ್ಕು ತಿಂಗಳು ಗೊತ್ತಾಗಲಿಲ್ಲ, ಗೊತ್ತಿದ್ದ ಲೆಕ್ಕ ಬೇರೆ — ದೋಹಾದಿಂದ ಕಣ್ಣೂರಿಗೆ ಎರಡು ಸಾವಿರದ ಎಂಟುನೂರು ಚಿಲ್ಲರೆ ಕಿಲೋಮೀಟರು, ವಿಮಾನದಲ್ಲಿ ನಾಲ್ಕೂಕಾಲು ಗಂಟೆ, ಅಲ್ಲಿ ಬೆಳಿಗ್ಗೆ ಎಂಟು ಹೊಡೆದರೆ ಇಲ್ಲಿ ಹತ್ತೂವರೆ. ಎಂಟು ವರ್ಷ ಈ ಲೆಕ್ಕವನ್ನು ತಾಳಿಯ ಹಾಗೆ ಕೊರಳಿಗೆ ಹಾಕಿಕೊಂಡು ತಿರುಗಿದೆ, ಊಟಕ್ಕೆ ಕೂತರೆ ಅವರಿಗೆ ಈಗ ಹನ್ನೊಂದು ಗಂಟೆ ಅಂತ, ಮಲಗಲು ಹೋದರೆ ಅವರು ಈಗ ಕೆಲಸಗಾರರ ಕ್ಯಾಂಪಿನ ರಾತ್ರಿ ಅಡುಗೆಗೆ ನಿಂತಿರುತ್ತಾರೆ ಅಂತ, ಅವರು, ಅವರು, ಇನ್ನು ಹಾಗೆ ಅನ್ನಲು ಬಾಯಿ ಬರುತ್ತಿಲ್ಲ, ಅವನು.

ಅವನು ದೋಹಾಕ್ಕೆ ಹೋದ ವರ್ಷದಿಂದ ಊರಿನವರಿಗೆ ದೋಹಾ ಸಿದ್ದರಾಜು, ನಾನು ದೋಹಾ ಸಿದ್ದರಾಜನ ಹೆಂಡ್ತಿ, ಅತ್ತೆ ದೋಹಾ ಸಿದ್ದರಾಜನ ತಾಯಿ, ಅತ್ತೆಗೆ ಮುದ್ದಿ ಅಂತ ಒಂದು ಹೆಸರಿತ್ತು, ಅದು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿಯಿತು. ಮಕ್ಕಳಾಗಲಿಲ್ಲ ನನಗೆ, ಮನೆಯಲ್ಲಿ ನಾವಿಬ್ಬರೇ, ಬೆಳಿಗ್ಗೆ ಅಂಗನವಾಡಿಗೆ ಹೋಗುವ ಮುಂಚೆ ಅವಳಿಗೆ ತಲೆ ಬಾಚಿ ಜಡೆ ಹಾಕಿ ಹೋಗುತ್ತಿದ್ದೆ, ಆರು ವರ್ಷದಿಂದ ಅವಳ ಕೈ ಮೇಲೆತ್ತಲು ಬರುತ್ತಿರಲಿಲ್ಲ, ಸ್ನಾನ ಮಾಡಿಸುವಾಗ ಬೆನ್ನು ತಿಕ್ಕಿದರೆ ಇನ್ನೊಸಿ ಮ್ಯಾಲೆ ಕಣವ್ವ ಅನ್ನುತ್ತಿದ್ದಳು, ಸ್ವಂತ ತಾಯಿಗೂ ಇಷ್ಟು ಮಾಡಿರಲಿಲ್ಲ ನಾನು, ಅದಕ್ಕೇ ಹೊಟ್ಟೆ ಉರಿಯುತ್ತದೆ, ಅವನಿಗಿಂತ ಅವಳ ಮೇಲೇ ಹೆಚ್ಚು ಉರಿಯುತ್ತದೆ ಅಂದರೆ ಸತ್ತವಳ ಮೇಲೆ ಇದೇನು ಅಂತ ಜನ ಅನ್ನುತ್ತಾರೆ, ಅನ್ನಲಿ — ಹೋದ ಮೇ ತಿಂಗಳಲ್ಲಿ ರಜೆಗೆ ಅಂತ ಬಂದನಲ್ಲ, ಹತ್ತು ದಿನ, ಖರ್ಜೂರದ ಡಬ್ಬ, ತಲೆನೋವಿನ ಎಣ್ಣೆ, ಕಿತ್ತಳೆ ಪಾನಕದ ಪೌಡರು, ನಾನು ಓಣಿಯಲ್ಲಿ ಮನೆಮನೆಗೂ ಹಂಚಿ ಬಂದೆ, ನಮ್ಮವರು ದೋಹಾದಿಂದ ತಂದದ್ದು ಅಂತ, ಎಲ್ಲವನ್ನೂ ವಿರಾಜಪೇಟೆಯ ಗಲ್ಫ್ ಸಾಮಾನಿನ ಅಂಗಡಿಯಲ್ಲಿ ಕೊಂಡದ್ದಂತೆ, ಇವತ್ತು ಅವನೇ ಹೇಳಿದ, ತಲೆ ತಗ್ಗಿಸಿ. ಆ ಖರ್ಜೂರವನ್ನು ಅತ್ತೆ ಮುಟ್ಟಿರಲಿಲ್ಲ, ಹಲ್ಲಿಗೆ ಆಗಾಕಿಲ್ಲ ಅಂದಳು, ಬಾಯಲ್ಲಿ ಕರಗುವ ಹಣ್ಣಿಗೆ ಹಲ್ಲು ಯಾತಕ್ಕೆ ಅಂತ ನಗುತ್ತಾ ಕೇಳಿದ್ದೆ, ಅವಳು ಮಗನ ಮುಖ ನೋಡಿದಳು, ಮಗ ಚಪ್ಪಲಿ ಮೆಟ್ಟಿ ಹೊರಗೆ ಹೋದ, ಆಗಲಾದರೂ, ಆಗಲೂ ಇಲ್ಲ, ಮೇ ತಿಂಗಳಲ್ಲಿ ಅವಳಿಗೆ ಗೊತ್ತಿತ್ತೆ ಇಲ್ಲವೆ ಅಂತ ಇವತ್ತು ಅವನನ್ನು ಕೇಳಬೇಕಿತ್ತು, ಕೇಳಲು ಮರೆತೆ.

ಫೋನು ಮಾಡುತ್ತಿದ್ದ, ದಿನಕ್ಕೊಂದು ಸಲ, ಇಂಟರ್ನೆಟ್ ಕಾಲು, ಯಾವ ಊರಿನಿಂದ ಮಾಡಿದರೂ ಅದೇ ಹೆಸರು ಅದೇ ಫೋಟೋ, ಎತ್ತರದ ಕಟ್ಟಡದ ಮುಂದೆ ಕೈಕಟ್ಟಿ ನಿಂತದ್ದು, ಮುಖ ತೋರ್ಸಿ ಅಂದರೆ ಕ್ಯಾಂಪಲ್ಲಿ ವಿಡಿಯೋ ನಿಲ್ಲಾಕಿಲ್ಲ ಉಷಾ ಅನ್ನುತ್ತಿದ್ದ. ಆ ಸೋಮವಾರ ನಾನೇ ಮಾಡಿದೆ, ಬೆಳಿಗ್ಗೆ ಎಂಟಕ್ಕೆ, ಅತ್ತೆಯನ್ನು ಹಿಂದಿನ ದಿನ ಆಸ್ಪತ್ರೆಯಿಂದ ಕರೆದುಕೊಂಡು ಬಂದಿದ್ದೆವು, ಇನ್ನು ಮನೇಲೇ ನೋಡ್ಕೊಳಿ ಅಂದಿದ್ದರು ಡಾಕ್ಟರು, ಹಾಗಂದರೆ ಏನು ಅಂತ ನನಗೂ ಗೊತ್ತಾಗಿತ್ತು ಅವಳಿಗೂ ಗೊತ್ತಾಗಿತ್ತು, ರೀ ಹೊರಟು ಬನ್ನಿ, ನಿಮ್ಮವ್ವ ನಿಮ್ಮನ್ನೇ ಕೇಳ್ತಾವ್ರೆ ಅಂದೆ, ಆ ಕಡೆ ಪಾತ್ರೆಯ ಸದ್ದು, ಆಮೇಲೆ ಅಂದ, ಇವತ್ತು ಸೀಟಿಲ್ಲ, ನಾಳೆ ಬೆಳಿಗ್ಗೆ ಎಂಟಕ್ಕೊಂದು ಫ್ಲೈಟ್ ಐತೆ, ನಿಮ್ಗೆ ಹತ್ತೂವರೆ, ಅದ್ರಲ್ಲಿ ಬತ್ತೀನಿ. ಅವಸರ ಮಾಡ್ಕೋಬೇಡಿ, ಹುಷಾರಾಗಿ ಬನ್ನಿ ಅಂದೆ ನಾನು, ಹುಷಾರಾಗಿ ಬನ್ನಿ ಅಂತ — ಅಂಗನವಾಡಿಯ ಹಳೆಯ ಚಾರ್ಟಿನ ಹಿಂಭಾಗದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದೆ, ಹತ್ತೂವರೆ ವಿಮಾನ ಏರುವುದು, ಎರಡೂ ಮುಕ್ಕಾಲು ಕಣ್ಣೂರು, ಮೂರೂವರೆ ಹೊರಗೆ ಬರುವುದು, ಇರಿಟ್ಟಿ, ಮಾಕುಟ್ಟದ ಘಾಟಿ, ವಿರಾಜಪೇಟೆ, ಸಿದ್ದಾಪುರ, ಏಳು ಗಂಟೆಗೆ ಮನೆ, ಅದನ್ನು ಅವಳ ಮಂಚದ ಪಕ್ಕದ ಗೋಡೆಗೆ ಅಂಟಿಸಿದೆ, ಅವಳಿಗೆ ಓದು ಬರುವುದಿಲ್ಲ, ಓದಿ ಓದಿ ಹೇಳಿದೆ. ರಾತ್ರಿಯೆಲ್ಲ ಕೇಳಿದಳು, ಎಲ್ಲಿಗ್ ಬಂದ್ನಂತೆ, ಇನ್ನೂ ಹೊರಟಿಲ್ಲ ಅತ್ತೆ, ಬೆಳಗಾಗ್ಲಿ. ಬೆಳಗಾಯಿತು, ಗಂಜಿ ಗಂಟಲಿಗೆ ಇಳಿಯಲಿಲ್ಲ, ಎಲ್ಲಿಗ್ ಬಂದ್ನಂತೆ, ಈಗ ಏರ್‌ಪೋರ್ಟಲ್ಲಿ ಕೂತವ್ರೆ ಅತ್ತೆ. ಒಂಬತ್ತಕ್ಕೆ ಅಂದಳು, ಬಸ್ ಸಿಕ್ನಿಲ್ವೇನೋ ಕಣವ್ವ ಅವನ್ಗೆ. ಬುದ್ಧಿ ತಪ್ಪುತ್ತಿದೆ ಅಂದುಕೊಂಡೆ, ಬಸ್ಸಲ್ಲ ಅತ್ತೆ, ವಿಮಾನ, ಸಮುದ್ರ ದಾಟಬೇಕಲ್ಲ ಅಂದೆ, ಮಕ್ಕಳಿಗೆ ತಿದ್ದುವ ಹಾಗೆ ತಿದ್ದಿದೆ, ಅವಳು ಬಾಯಿ ತೆರೆದಳು, ಮುಚ್ಚಿದಳು, ಕಣ್ಣಿನ ಮೂಲೆಯಿಂದ ನೀರು ಕಿವಿಗೆ ಇಳಿಯಿತು, ಒರೆಸಿದೆ. ಹತ್ತೂವರೆಗೆ ಅವನ ಫೋನು ಸ್ವಿಚ್ ಆಫ್ ಆಯಿತು, ವಿಮಾನದಲ್ಲಿ ಹಾಗೇ ತಾನೆ, ನೋಡಿ ಅತ್ತೆ, ಏರಿದ್ರು ಅಂದೆ, ಖುಷಿಯಲ್ಲೇ ಅಂದೆ. ಒಂದು ಗಂಟೆಯ ಹೊತ್ತಿಗೆ ಉಸಿರು ಎಳೆಯತೊಡಗಿತು, ಅವಳ ಕಿವಿಗೆ ಫೋನು ಇಟ್ಟು ಅವನ ಒಂದು ಮಾತಾದರೂ ಕೇಳಿಸೋಣ ಅಂತ ಮಾಡಿದೆ, ಆಫ್, ಇನ್ನೊಮ್ಮೆ ಮಾಡಿದೆ, ಆಫ್, ಆಫ್ ಇರಲೇಬೇಕಲ್ಲ, ಸಮುದ್ರದ ಮೇಲಿದ್ದಾರೆ, ಒಂದೂವರೆಗೆ ಹೋಗಿಬಿಟ್ಟಳು. ಏಳೂಕಾಲಿಗೆ ಅವನು ಚಕ್ರದ ಸೂಟ್‌ಕೇಸು ಎಳೆದುಕೊಂಡು ಅಂಗಳಕ್ಕೆ ಬಂದ, ನೆರೆದವರು ದಾರಿ ಬಿಟ್ಟರು, ಎಷ್ಟ್ ದೂರದಿಂದ ಬಂದ ಪಾಪ ಅಂತ ಯಾರೋ ಅಂದರು, ನಾನು ಅವನಿಗೆ ಕಾಲು ತೊಳೆಯಲು ನೀರು ಕೊಟ್ಟೆ.

ಕಂಡಕ್ಟರ್ ಸುಂಟಿಕೊಪ್ಪ ಸುಂಟಿಕೊಪ್ಪ ಅಂತ ಬಾಗಿಲು ಬಡಿಯುತ್ತಿದ್ದಾನೆ, ಕಿತ್ತಳೆಯ ಹೆಂಗಸು ಇಳಿದಳು, ಸಿಪ್ಪೆ ಸೀಟಿನ ಕೆಳಗೆ ಬಿಟ್ಟು ಹೋದಳು — ತಿಥಿ ಮುಗಿದ ಮೂರನೆಯ ದಿನ ಅವನು ಹೊರಟ, ರಜೆ ಇಲ್ಲ ಉಷಾ, ಬೆಳಿಗ್ಗೆ ಹತ್ತಕ್ಕೆ ಕಣ್ಣೂರಿಂದ ಫ್ಲೈಟು, ಕತ್ತಲಿರುವಾಗಲೇ ನಮ್ಮೂರ ಚಂದ್ರುವಿನ ಕಾರು ಬಂತು, ಅವನ ಕೈಗೆ ಚಟ್ನಿಪುಡಿಯ ಡಬ್ಬ ಕೊಟ್ಟೆ, ಕಾರಿನ ಕೆಂಪು ದೀಪ ತಿರುವಿನಲ್ಲಿ ಮರೆಯಾಗುವ ತನಕ ನಿಂತಿದ್ದೆ. ಅವತ್ತೇ ಅಂಗನವಾಡಿಯಲ್ಲಿ ಮಕ್ಕಳಿಗೆ ಊಟ ಬಡಿಸುವಾಗ ಫೋನು ಬಂತು, ಇಳಿದೆ ಉಷಾ, ಈಗ್ತಾನೆ ಇಳಿದೆ, ಸುಸ್ತಾಯ್ತು, ಇಲ್ಲೀಗ ಹನ್ನೆರಡು ಗಂಟೆ ಅಂದ. ಗೋಡೆ ನೋಡಿದೆ, ಗೋಡೆಯ ಗಡಿಯಾರದಲ್ಲೂ ಹನ್ನೆರಡು. ಸೌಟು ಕೈಯಲ್ಲಿತ್ತು, ಸಾರು ತಟ್ಟೆಯ ಅಂಚಿನಿಂದ ಚೆಲ್ಲಿತು, ಟೀಚರ್ ಟೀಚರ್ ಅಂದವು ಮಕ್ಕಳು, ಹತ್ತಕ್ಕೆ ಹೊರಟ ವಿಮಾನ ನಾಲ್ಕೂಕಾಲು ಗಂಟೆ ಹಾರಿದರೆ ನಮಗೆ ಎರಡೂಕಾಲು, ಆಗ ಅಲ್ಲಿ ಹನ್ನೆರಡಕ್ಕೆ ಕಾಲು ಗಂಟೆ ಇರುತ್ತದೆ, ಅವನು ಲೆಕ್ಕ ಸರಿಯಾಗೇ ಹಾಕಿದ್ದ, ಹಾಕಿ, ತಾನು ನೋಡುತ್ತಿರುವ ಗಡಿಯಾರ ಯಾವ ಊರಿನದು ಅನ್ನುವುದನ್ನು ಮರೆತಿದ್ದ. ಊಟ ಮಾಡಿ ಅಂದೆ, ಫೋನು ಇಟ್ಟೆ. ಇಡುವ ಮುಂಚೆ ಆ ಕಡೆಯಿಂದ ಯಾರೋ ಮಡಿಕೇರಿ ಸುಳ್ಯ ಕಡೆಯ ಅರೆಭಾಷೆಯಲ್ಲಿ ಸಿದ್ದಣ್ಣ ಚಾ ಉಟ್ಟಾ, ಚಹಾ ಇದೆಯಾ, ಅಂದದ್ದು ಕೇಳಿಸಿತು, ದೋಹಾದಲ್ಲಿ ಸುಳ್ಯದವರು ಎಷ್ಟಿಲ್ಲ, ಅಲ್ಲೂ ಚಹಾ ಕುಡಿಯುತ್ತಾರೆ, ಹೀಗೆ ಎರಡು ದಿನ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ, ಮೂರನೆಯ ದಿನ ಚಂದ್ರುವಿನ ಮನೆಗೆ ಹೋದೆ. ಚಂದ್ರು ಕಾರು ತೊಳೆಯುತ್ತಿದ್ದ, ಕಣ್ಣೂರಿಗೆ ಎಷ್ಟೊತ್ತಿಗೆ ಸೇರಿದ್ರಿ ಚಂದ್ರು ಅಂದೆ, ಅಷ್ಟೇ, ಅವನ ಕೈಯ ಬಟ್ಟೆ ಬಕೀಟಿಗೆ ಬಿತ್ತು. ಟೀಚರಕ್ಕ ನನ್ನ ಬಾಯಿ ಬಿಡಿಸ್ಬ್ಯಾಡಿ, ಅಣ್ಣ ಆಣೆ ಹಾಕ್ಸವ್ರೆ. ಅವನ ಕಾರಿಗೆ ಒರಗಿ ನಿಂತೆ. ನಿಂತೇ ಇದ್ದೆ. ಗಾಳಿಬೀಡಿಗೆ ಬಿಟ್ಟೆ ಅಕ್ಕ, ತೀರ್ಥಪ್ರಸಾದ್ ಅಂತ, ಅವ್ರ ಹೋಂಸ್ಟೇನಲ್ಲಿ ಅಣ್ಣ ಅಡುಗೆ ಮಾಡ್ತಾವ್ರೆ, ಒಂದು ವರ್ಸದ ಮ್ಯಾಗಾಯ್ತು. ಅವನು ನಲ್ಲಿ ನಿಲ್ಲಿಸಿದ, ಮಾತು ನಿಲ್ಲಿಸಲಿಲ್ಲ, ನಿಲ್ಲಿಸಿದ್ದರೆ ನನ್ನ ಪಾಡಿಗೆ ನಾನು ಗಂಡನೊಬ್ಬನನ್ನೇ ಬೈದುಕೊಂಡು ಇರುತ್ತಿದ್ದೆ. ಮುದ್ದವ್ವನೂ ಬಂದಿದ್ರು ಅಕ್ಕ ಅಲ್ಲಿಗೆ, ನವೆಂಬರಲ್ಲಿ, ಕಣ್ಣು ತೋರ್ಸಕ್ಕೆ ಮಡಿಕೇರಿಗೆ ಕರ್ಕೊಂಡು ಹೋಗಪ್ಪ ಅಂದ್ರಲ್ಲ, ಕಣ್ಣಿನ ಆಸ್ಪತ್ರೆಗೆ ಹೋಗ್ನೇ ಇಲ್ಲ ನಾವು, ಸಂಜೆ ತನ್ಕ ಮಗನ ಜೊತೇಲೇ ಕೂತಿದ್ರು.

ನವೆಂಬರಿನ ಆ ದಿನ ಅಂಗನವಾಡಿಗೆ ಸೂಪರ್‌ವೈಸರ್ ಬರುವುದಿತ್ತು, ನಾನು ಜೊತೆಗೆ ಹೋಗಲಾಗಲಿಲ್ಲ, ಪಾಪ ಒಬ್ಬಳೇ ಹೋಗುತ್ತಾಳಲ್ಲ ಅಂತ ಸೊಂಟಕ್ಕೆ ನೀರಿನ ಬಾಟಲಿ ಕಟ್ಟಿ, ಸ್ವೆಟರ್ ತೊಡಿಸಿ, ಕಾರಿನಲ್ಲಿ ಕೂರಿಸಿ ಕಳಿಸಿದ್ದೆ, ಸಂಜೆ ಬಂದಾಗ ಡಾಕ್ಟರು ಏನಂದ್ರು ಅತ್ತೆ ಅಂದರೆ ಪೊರೆ ಇನ್ನೂ ಬಲಿತಿಲ್ವಂತೆ ಅಂದಳು, ಎಷ್ಟು ಸಲೀಸಾಗಿ ಅಂದಳು, ನಾನು ಒಲೆಯ ಮುಂದೆ ಅವಳ ಕಾಲಿಗೆ ಎಣ್ಣೆ ತಿಕ್ಕುತ್ತಾ ಇನ್ನಾರು ತಿಂಗಳು ಬಿಟ್ಟು ತೋರ್ಸೋಣ ಅಂದೆ, ಹೂಂ ಅಂದಳು, ಅವತ್ತು ಅವಳ ಸೀರೆಯಲ್ಲಿ ಹೊಗೆಯ ವಾಸನೆ, ಒಗ್ಗರಣೆಯ ವಾಸನೆ, ಆಸ್ಪತ್ರೆಯ ವಾಸನೆ ಇರಲಿಲ್ಲ, ಮೂಗಿಗೆ ಗೊತ್ತಾಗಿತ್ತು, ಮನಸ್ಸಿಗೆ ತಿಳಿಸಲಿಲ್ಲ ಅದು. ಅವಳ ಮೈಯ ಒಂದೊಂದು ಮಚ್ಚೆಯೂ ನನಗೆ ಗೊತ್ತು, ಬಾಯಲ್ಲಿ ಇಟ್ಟುಕೊಂಡದ್ದು ಗೊತ್ತಾಗಲಿಲ್ಲ, ಆರು ವರ್ಷ ಬೆನ್ನು ತಿಕ್ಕಿದವಳಿಗಿಂತ ಹೊಟ್ಟೆಯಲ್ಲಿ ಹುಟ್ಟಿದವನು ಹೆಚ್ಚು, ಇರಲಿ, ಅದೂ ಸರಿಯೇ, ಆದರೆ ಕೊನೆಯ ದಿನವಾದರೂ ಅಂದುಬಿಡಬಾರದಿತ್ತೆ — ಅಂದಳಲ್ಲ, ಬಸ್ ಸಿಕ್ನಿಲ್ವೇನೋ ಅಂದಳಲ್ಲ, ಮತ್ತೆ ಆ ಕೈ, ಒಂದು ಗಂಟೆಯ ಹೊತ್ತಿಗೆ, ಆರು ವರ್ಷದಿಂದ ಮೇಲೇಳದ ಆ ಕೈ ಹೊದಿಕೆಯ ಮೇಲಿಂದ ಗೇಣುದ್ದ ಎದ್ದಿತ್ತು, ತೋರುಬೆರಳು ಬಾಗಿಲ ಕಡೆಗೆ, ಬಾಗಿಲಾಚೆ ರಸ್ತೆ, ರಸ್ತೆಯಲ್ಲಿ ಕುಶಾಲನಗರದ ಬಸ್ಸು ನಿಲ್ಲುವ ಜಾಗ, ಬೇಡ, ಅದು ಈಗ ಬೇಡ.

ಇವತ್ತು ಬೆಳಿಗ್ಗೆ ಅವನು ಅಕ್ಕಿಹಿಟ್ಟು ನಾದುತ್ತಿದ್ದ. ಗಾಳಿಬೀಡಿನ ಬಸ್ಸಿಳಿದು ಕೇಳಿಕೊಂಡು ಹೋದೆ, ತೋಟದ ನಡುವೆ ಕೆಂಪು ಹೆಂಚಿನ ಮನೆ, ಅಂಗಳದಲ್ಲಿ ಬೆಂಗಳೂರು ನಂಬರಿನ ಮೂರು ಕಾರು, ತೀರ್ಥಪ್ರಸಾದ್ ಎದುರಿಗೆ ಬಂದ, ತಿಥಿಯ ದಿನ ಊಟಕ್ಕೆ ಕೂತಿದ್ದವನೇ, ದೋಹಾದಲ್ಲಿ ಒಟ್ಟಿಗೆ ಇದ್ವಿ, ಈಗ ರಜೆಗೆ ಬಂದವ್ನೆ ಅಂತ ನನ್ನ ಗಂಡನೇ ಪರಿಚಯ ಮಾಡಿಸಿದ್ದ, ನಾನು ಎರಡನೇ ಸಲ ಪಾಯಸ ಬಡಿಸಿದ್ದೆ, ಈಗ ನನ್ನನ್ನು ಕಂಡು ಅವನ ಮುಖ ಸಣ್ಣದಾಯಿತು, ಅಕ್ಕ ಬನ್ನಿ, ಕೂತ್ಕೊಳಿ, ನಾನು ಹೇಳ್ತಾನೇ ಇದ್ದೆ ಅವರಿಗೆ, ಮನೆಯವ್ರಿಗೆ ತಿಳಿಸಿ ಮಾರಾಯ್ರೆ ಅಂತ. ಕೂರಲಿಲ್ಲ, ಹಿಂದಿನಿಂದ ಅಡುಗೆಮನೆಗೆ ಹೋದೆ. ಅವನು ತಿರುಗಿ ನೋಡಿದ, ಕೈತುಂಬ ಹಿಟ್ಟು, ಸೊಂಟಕ್ಕೆ ಬಿಳಿ ಬಟ್ಟೆ, ಹಿಂದಿನ ಗೂಡಿನಲ್ಲಿ ನನ್ನ ಚಟ್ನಿಪುಡಿಯ ಡಬ್ಬ. ನಿಮ್ಮಲ್ಲಿ ಈಗ ಗಂಟೆ ಎಷ್ಟು ಅಂದೆ. ಅವನು ಹಿಟ್ಟಿನ ಕೈ ನೋಡಿಕೊಂಡ. ಕಂಪನಿ ಮುಚ್ಚೋಯ್ತು ಉಷಾ, ಹೋದ ವರ್ಸಕ್ಕಿಂತ ಹಿಂದಿನ ಡಿಸೆಂಬರಲ್ಲಿ, ಎಲ್ರುನೂ ಕಳಿಸ್ಬಿಟ್ರು, ಊರಿಗೆ ಯಾವ ಮುಖ ಹೊತ್ಕೊಂಡು ಬರ್ಲಿ, ಎರಡು ತಿಂಗ್ಳಲ್ಲಿ ಇನ್ನೊಂದು ವೀಸಾ ಆಯ್ತದೆ ಅನ್ಕಂಡೆ, ಆಗ್ನಿಲ್ಲ, ಎರಡು ನಾಕಾಯ್ತು, ಆಮೇಲೆ ಹೇಳಾಕೆ ಬಾಯೇ ಬರ್ನಿಲ್ಲ. ಅದನ್ನು ನಾನು ಕೇಳಲಿಲ್ಲ ಅಂದೆ, ಕೆಲಸ ಹೋದದ್ದಕ್ಕೆ ನಾನೇನು ನಿಮ್ಮನ್ನ ಮನೆಯಿಂದ ಆಚೆಗೆ ಹಾಕ್ತಿದ್ನಾ, ಅವ್ವ ಹೋಗೋವಾಗ ಯಾಕೆ ಬರ್ಲಿಲ್ಲ ಅದು ಹೇಳಿ. ಒಲೆಯ ಮೇಲೆ ನೀರು ಕುದಿದು ಮುಚ್ಚಳ ಕುಣಿಯುತ್ತಿತ್ತು, ಅವನೂ ಇಳಿಸಲಿಲ್ಲ ನಾನೂ ಇಳಿಸಲಿಲ್ಲ. ನೀನು ಎಂಟಕ್ಕೆ ಫೋನ್ ಮಾಡ್ದೆ, ಹನ್ನೊಂದಕ್ಕೆ ಬಂದು ನಿಂತಿದ್ರೆ ಎಲ್ಲಿಂದ ಬಂದೆ ಅಂತ ಊರೆಲ್ಲ ಕೇಳ್ತಿರ್ನಿಲ್ವಾ, ದೋಹಾದಿಂದ ಅಂದ್ರೆ ಒಂದು ದಿನಾನಾದ್ರೂ ಬ್ಯಾಡ್ವಾ. ನನಗೆ ತಕ್ಷಣ ಅರ್ಥವಾಗಲಿಲ್ಲ. ಮತ್ತೆ ಫೋನು ಯಾಕೆ ಆಫ್ ಮಾಡಿದ್ರಿ ಅಂದೆ. ಇಮಾನದಲ್ಲಿ ಆಫ್ ತಾನೆ ಇರ್ಬೇಕು ಅಂದ, ಮೆಲ್ಲಗೆ, ನಾನೇ ತಿಳಿದುಕೊಳ್ಳಬೇಕಿತ್ತು ಅನ್ನುವವನ ಹಾಗೆ. ಎಲ್ಲಿ ಕೂತಿದ್ರಿ ಅಷ್ಟೊತ್ತು. ಹಿತ್ತಲ ಬಾಗಿಲಾಚೆಯ ಕಲ್ಲುಬೆಂಚು ತೋರಿಸಿದ, ಅಲ್ಲೇ, ಹತ್ತೂವರೆಯಿಂದ ನಾಲ್ಕೂವರೆ ತನಕ, ಊಟಾನೂ ಮಾಡ್ನಿಲ್ಲ ಉಷಾ, ಆಣೆಗೂ. ಹಾರದ ವಿಮಾನ ಇಳಿಯಲಿ ಅಂತ ಕಾದಿದ್ದಾನೆ. ಬ್ಯಾಗು ತುಂಬಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು, ನಾನು ಗೋಡೆಗೆ ಅಂಟಿಸಿದ್ದ ಚಾರ್ಟನ್ನೇ ಕಂಡವನ ಹಾಗೆ ಒಂದೊಂದೇ ಗಂಟೆ ದಾಟಿದ್ದಾನೆ, ಆ ಬೆಂಚಿನಿಂದ ರಸ್ತೆ ಕಾಣುತ್ತದೆ, ನಾನು ನಿಂತಿದ್ದಾಗಲೇ ಮಡಿಕೇರಿಯ ಬಸ್ಸೊಂದು ಹೋಯಿತು.

ಅತ್ತೆಗೂ ನೀವೇ ಆಣೆ ಹಾಕ್ಸಿದ್ರಾ ಅಂದೆ. ಹೂಂ ಅಂದ, ಅವ್ವ ಬ್ಯಾಡ ಅಂದ್ಲು, ಉಸಾಗೆ ಹೇಳೋ ಅಂದ್ಲು, ನನ್ನ ತಲೆ ಮುಟ್ಸಿ ಆಣೆ ಹಾಕ್ಸ್ಕಂಡೆ. ಹಿಟ್ಟಿನ ಕೈಯನ್ನು ಹಾಗೇ ಮೇಲೆತ್ತಿ ತಲೆ ಮುಟ್ಟಿಕೊಂಡು ತೋರಿಸಿದ, ಕೂದಲಿಗೆ ಬಿಳಿ ಹತ್ತಿತು, ನಲವತ್ತೈದರ ಗಂಡಸು, ಅವನ ಮೇಲೆ ಕನಿಕರ ಬರುತ್ತದೇನೋ ಅಂತ ನನ್ನೊಳಗೆ ಹುಡುಕಿಕೊಂಡೆ, ಬರಲಿಲ್ಲ. ಊರಿಗೆ ಬನ್ನಿ ಅಂದೆ, ಹಗಲು ಹೊತ್ತಿನಲ್ಲಿ, ಬಸ್ಸಲ್ಲಿ, ಹೆಬ್ಬಾಲೆ ಸ್ಟಾಪಲ್ಲಿ ಎಲ್ರೂ ನೋಡೋ ಹಾಗೆ ಇಳೀರಿ, ಗಾಳಿಬೀಡಿಂದ ಬಂದೆ ಅಂತ ನಿಮ್ಮ ಬಾಯಲ್ಲೇ ಹೇಳಿ, ಆ ಚಕ್ರದ ಸೂಟ್‌ಕೇಸು ತರಬೇಡಿ, ಅಷ್ಟು ಮಾಡಿದ್ರೆ ಆಮೇಲೆ ಮಾತಾಡೋಣ. ಅವನು ಬಾಗಿಲ ಕಡೆ ನೋಡಿದ, ದನಿ ತಗ್ಗಿಸಿದ, ಇನ್ನೊಂದು ತಿಂಗ್ಳು ತಡ್ಕೊ ಉಷಾ, ಮಸ್ಕತ್ತಿಂದು ಒಂದು ವೀಸಾ ಬರಂಗೈತೆ, ಊರವ್ರಿಗೆ ಯಾಕೆ ಈಗ, ನೀನೊಬ್ಳು ಸುಮ್ನಿದ್ರೆ ಆಯ್ತು. ನೀನೊಬ್ಬಳು ಸುಮ್ಮನಿದ್ದರೆ. ಅತ್ತೆಯ ಜಾಗ ಖಾಲಿಯಾಗಿತ್ತಲ್ಲ, ಅಲ್ಲಿಗೆ ನನ್ನನ್ನು ಕೂರಿಸಲು ನೋಡಿದ. ತೀರ್ಥಪ್ರಸಾದ್ ಚಹಾ ಹಿಡಿದು ಬಂದ, ಅಕ್ಕ ಒಂದು ಗುಟುಕು, ಬೇಡಪ್ಪ ಅಂದೆ, ಕುದಿಯುತ್ತಿದ್ದ ಪಾತ್ರೆ ಇಳಿಸಿ ಒಲೆ ಆರಿಸಿದೆ, ಅದ್ಯಾಕೆ ಮಾಡಿದೆನೋ, ಬೇರೆಯವರ ಒಲೆ, ಚಟ್ನಿಪುಡಿಯ ಡಬ್ಬ ಎತ್ತಿಕೊಂಡು ಬ್ಯಾಗಿಗೆ ಹಾಕಿಕೊಂಡೆ, ಬಂದೆ, ಅವನು ಗೇಟಿನ ತನಕವೂ ಬರಲಿಲ್ಲ, ಅತಿಥಿಗಳ ರೊಟ್ಟಿಗೆ ಹೊತ್ತಾಗುತ್ತದೆ.

ಆನೆಕಾಡು ಬಂತು, ಎರಡೂ ಕಡೆ ತೇಗ, ಬಸ್ಸು ಓಡುತ್ತಿದೆ, ನೆರಳು ಬಿಸಿಲು ನೆರಳು ಬಿಸಿಲು ಮುಖದ ಮೇಲೆ, ಊರಿಗೆ ಹೋಗಿ ಏನು ಹೇಳಲಿ, ನಾಳೆ ಅಂಗನವಾಡಿಗೆ ಬರುವ ತಾಯಂದಿರು ದೋಹಾದಿಂದ ಫೋನ್ ಬಂತಾ ಟೀಚರ್ ಅನ್ನುತ್ತಾರೆ, ಇಲ್ಲ, ದೋಹಾ ಇಲ್ಲ, ಗಾಳಿಬೀಡು ಅನ್ನುತ್ತೇನೆ, ಅಂದೇ ಅನ್ನುತ್ತೇನೆ, ಅವನು ಬಾಯಿ ಬಿಡುವ ತನಕ ನಾನು ಕಾಯುವುದಿಲ್ಲ, ನನ್ನ ತಲೆ ಮುಟ್ಟಿ ಯಾರೂ ಆಣೆ ಹಾಕಿಸಿಲ್ಲ — ಅವಳಿಗೆ ಹಾಕಿಸಿದ್ದ, ಅದಕ್ಕೇ ಬಾಯಿ ತೆರೆದು ಮುಚ್ಚಿದಳು, ಆಣೆ ಬಾಯಿಗೆ ಇತ್ತು, ಕೈಗೆ ಇರಲಿಲ್ಲ, ಆಣೆ ಮುರಿಯದ ಹಾಗೆ ಹೇಳಲು ಉಳಿದದ್ದು ಅದೊಂದೇ, ಆ ಕೈ ಎತ್ತಲು ಅವಳಿಗೆ ಎಷ್ಟು ನೋವಾಗಿರಬೇಕು, ಬೆರಳು ಬಾಗಿಲ ಕಡೆಗೇ ಇತ್ತು, ರಸ್ತೆಯ ಕಡೆಗೆ, ಐವತ್ತು ಕಿಲೋಮೀಟರಿನ ಕಡೆಗೆ, ನನ್ನನ್ನು ನೋಡಿದಳು, ಬೆರಳನ್ನು ನೋಡಿದಳು, ಮತ್ತೆ ನನ್ನನ್ನು, ಫೋನು ಕೆಳಗಿಟ್ಟಿದ್ದೆ ನಾನು, ಗೋಡೆಯ ಮೇಲೆ ಚಾರ್ಟು, ಒಂದು ಗಂಟೆ, ಇನ್ನೂ ಸಮುದ್ರದ ಮೇಲೆ, ಅಲ್ಲಲ್ಲ ಅತ್ತೆ, ಆ ಕಡೆ ಅಲ್ಲ ಅಂದೆ, ಪ್ರೀತಿಯಿಂದಲೇ ಅಂದೆ, ಅಕ್ಷರ ತಪ್ಪಿದ ಮಗುವಿನ ಕೈ ಹಿಡಿಯುವ ಹಾಗೆ ಅವಳ ಮಣಿಕಟ್ಟು ಹಿಡಿದೆ, ಹಿಡಿದು ಆ ಬೆರಳನ್ನು ಬಾಗಿಲಿನಿಂದ ತಿರುಗಿಸಿದೆ, ಮೆಲ್ಲಗೆ, ಮೇಲಕ್ಕೆ, ಹೆಂಚಿನ ಕಡೆಗೆ, ಅಗೋ ಅಲ್ಲಿ ಅತ್ತೆ, ಆಕಾಶದಲ್ಲಿ, ಅವಳ ಬೆರಳು ನನ್ನ ಕೈಯಲ್ಲಿ ವಿರುದ್ಧ ದಿಕ್ಕಿಗೆ ಒತ್ತುತ್ತಿತ್ತು, ನಾನು ಬಿಡಲಿಲ್ಲ, ಒತ್ತುತ್ತಿತ್ತು, ಬಾಗಿಲ ಕಡೆಗೆ, ನಾನು ಬಿಡಲಿಲ್ಲ